ರೋಜಾಳ ಹೆಸರಿನಲ್ಲಿ ಬಂದ ನೋಟಿಸು

ಬಾಗಿಲಲ್ಲಿ ರೋಜಾಳನ್ನು ಕಂಡೊಡನೆ ಗೋವರ್ಧನ ಕುರ್ಚಿಯಿಂದೆದ್ದ. “ಬರ್ರಿ ಡಾಕ್ಟ್ರೇ, ಕುಂತ್ಕಳ್ರಿ. ಸೀರೆ ಬಣ್ಣ ಇವತ್ತಾದ್ರೂ ಹೇಳ್ತೀರೋ, ಇಲ್ಲೋ?”

ಚಿತ್ರದುರ್ಗದ ಆ ಖಾಸಗಿ ಆಸ್ಪತ್ರೆಯಲ್ಲಿ ರೋಜಾ ಮೂಳೆ ಶಸ್ತ್ರವೈದ್ಯೆ. ಗೋವರ್ಧನ ಎಕ್ಸ್‌ರೇ ಟೆಕ್ನಿಷಿಯನ್. ವಿಕಿರಣ ಸುರಕ್ಷತೆಯ ಹೊಣೆಯೂ ಅವನದೇ. ಆಪರೇಷನ್ ಮಾಡುವಾಗ ಅವಳು “ಶೂಟ್” ಎಂದಾಗಲೆಲ್ಲ ಅವನು ಗುಂಡಿ ಒತ್ತುತ್ತಿದ್ದ, ಪರದೆಯ ಮೇಲೆ ಮೂಳೆ ಮೂಡುತ್ತಿತ್ತು. ಮಾಸ್ಕಿನ ಮೇಲೆ ಕಾಣುವುದು ಕಣ್ಣಷ್ಟೇ. ಅವರ ಪ್ರೀತಿ ಅಷ್ಟು ಜಾಗದಲ್ಲೇ ಹುಟ್ಟಿ ಬೆಳೆದಿತ್ತು. ಮುಂದಿನ ತಿಂಗಳು ಮದುವೆ.

ಇವತ್ತು ಅವಳು ನಗಲಿಲ್ಲ.

“ಬಯಾಪ್ಸಿ ರಿಪೋರ್ಟ್ ಬಂತು. ಎದೇಲಿ ಗಂಟು ಐತೆ ಅಂದಿದ್ನಲ್ಲ... ಕ್ಯಾನ್ಸರ್.”

ಅವನು ಅವಳ ಎರಡೂ ಕೈ ಹಿಡಿದುಕೊಂಡ. “ನಾನಿದೀನಿ ಕಣೇ. ಎಲ್ಲಿಗಾದ್ರೂ ಹೋಗಾಣ. ಮದ್ವೆ ಬೇಕಾದ್ರೆ ನಾಳೇನೇ ಆಗಾಣ.”

ಮೂರು ದಿನದಿಂದ ತಡೆದಿದ್ದ ಅಳು ಅವನ ಹೆಗಲ ಮೇಲೆ ಒಡೆಯಿತು.

ಕಣ್ಣೊರೆಸಿಕೊಂಡು ಅವಳು ಹೇಳಿದಳು: “ದಾವಣಗೆರೆ ಡಾಕ್ಟ್ರು ನನ್ನ ಬ್ಯಾಡ್ಜ್ ರಿಪೋರ್ಟ್ ಎಲ್ಲಾ ಕೇಳಿದಾರೆ. ಕೊಡು.”

ಎಕ್ಸ್‌ರೇ ಯಂತ್ರದ ಬಳಿ ಕೆಲಸ ಮಾಡುವವರೆಲ್ಲ ಎದೆಯ ಮೇಲೆ ಒಂದು ಬ್ಯಾಡ್ಜ್ ಧರಿಸುತ್ತಾರೆ. ಮೂರು ತಿಂಗಳಿಗೊಮ್ಮೆ ಅದು ಲ್ಯಾಬಿಗೆ ಹೋಗುತ್ತದೆ. ಮೈಗೆ ಎಷ್ಟು ವಿಕಿರಣ ತಗುಲಿದೆಯೆಂದು ಅಲ್ಲಿಂದ ತಿಳಿಯುತ್ತದೆ.

ಅವನ ಹಿಡಿತ ಸಡಿಲವಾಯಿತು. “ನಾಳೆ ಹುಡುಕಿ ಕೊಡ್ತೀನಿ.”

“ಕಪಾಟು ಇಲ್ಲೇ ಐತಲ್ಲ.”

ಅವನು ಅಡ್ಡ ಬರುವ ಮೊದಲೇ ಫೈಲು ಅವಳ ಕೈಯಲ್ಲಿತ್ತು. ಒಂದೂವರೆ ವರ್ಷದ ಹಿಂದೆ ಲ್ಯಾಬಿನಿಂದ ಬಂದ ಒಂದು ನೋಟಿಸು, ಅದರ ಹಿಂದೆಯೇ ಇನ್ನೊಂದು. ಡಾ. ರೋಜಾ ಅವರ ಬ್ಯಾಡ್ಜಿನಲ್ಲಿ ವಿಕಿರಣ ಮಿತಿ ಮೀರಿದೆ, ಅವರಿಗೆ ತಿಳಿಸಿ ಕಾರಣ ಬರೆಸಿ ಕಳಿಸಿ. ಎರಡಕ್ಕೂ ಉತ್ತರ ಹೋಗಿತ್ತು: ‘ನಾನು ಬ್ಯಾಡ್ಜನ್ನು ಎಕ್ಸ್‌ರೇ ಕೋಣೆಯಲ್ಲೇ ಮರೆತಿದ್ದೆ.’ ಕೆಳಗೆ ಅವಳ ಸಹಿ. ‘ಜಾ’ದ ಬಾಲ ಥೇಟ್ ಅವಳು ಎಳೆಯುವಂತೆಯೇ ಕೆಳಗಿಳಿದಿತ್ತು.

“ನಾನು ಯಾವತ್ತು ಮರ್ತಿದ್ದೆ?”

ಅವನು ಫೈಲಿಗೆ ಕೈ ಚಾಚಿದ. ಅವಳು ಬಿಡಲಿಲ್ಲ.

“ಮ್ಯಾನೇಜ್‌ಮೆಂಟಿನೋರು ಬರೆಸಿದ್ರಾ?”

“ಇಲ್ಲ. ನಾನೇ.” ಅವನ ದನಿ ಕುಸಿದಿತ್ತು. “ಆಗ ನಿಂಗೆ ತುಮಕೂರಿಂದ ಕೆಲಸದ ಕರೆ ಬಂದಿತ್ತು. ಇದು ಗೊತ್ತಾಗಿದ್ರೆ ನಿನ್ನ ಥಿಯೇಟರಿಂದ ಹೊರಗಿಡ್ತಿದ್ರು, ನೀನು ಹೊರಟೇಹೋಗ್ತಿದ್ದೆ. ನಾನಿನ್ನೂ ನಿಂಗೆ ಮನಸ್ಸಿನ ಮಾತು ಹೇಳಿರ್ಲಿಲ್ಲ, ರೋಜಾ.”

“ಎರಡನೇ ಸಲ?”

“ಅದನ್ನ ಹೇಳಿದ್ರೆ ಮೊದಲನೇದೂ ಹೊರಗೆ ಬರ್ತಿತ್ತು.”

ಆ ದಿನಗಳು ಅವಳಿಗೆ ಚೆನ್ನಾಗಿ ನೆನಪಿದ್ದವು. ವಿಕಿರಣ ತಡೆಯಲು ತೊಡುವ, ಗಂಡಸರ ಅಳತೆಯ ಸೀಸದ ಏಪ್ರನ್ ಅವಳ ಕಂಕುಳ ಕೆಳಗೆ ಬಾಯಿ ಬಿಡುತ್ತಿತ್ತು. ಚಿಕ್ಕದು ತರಿಸು ಎಂದರೆ ಅವನು ಕಣ್ಣಲ್ಲೇ ನಕ್ಕು, “ರೀಡಿಂಗ್ ಎಲ್ಲಾ ಸರಿ ಐತೆ ಬಿಡು” ಎಂದಿದ್ದ. ಆ ಕಣ್ಣು ನೋಡಿ ಅವಳು ಮತ್ತೆ ಕೇಳಿರಲಿಲ್ಲ.

“ಇದ್ರಿಂದ್ಲೇ ಬಂತು ಅಂತ ಹೆಂಗೆ ಹೇಳೋದು?” ಎಂದು ಗೊಣಗಿದ.

“ಹೇಳಕ್ಕಾಗಲ್ಲ. ಯಾವ ಡಾಕ್ಟ್ರೂ ಹೇಳಲ್ಲ. ಆದ್ರೆ ಮೈ ನಂದು. ಇರೋದೋ ಹೋಗೋದೋ ನಾನು ತೀರ್ಮಾನ ಮಾಡ್ಬೇಕಿತ್ತು.” ಅವಳು ಬಿಳಿ ಹಾಳೆಯೊಂದನ್ನು ಅವನತ್ತ ತಳ್ಳಿದಳು. “ಮಾಡಿದ್ದೆಲ್ಲಾ ಬರಿ. ನಾಳೆಯಿಂದ ನನ್ನ ಜಾಗದಲ್ಲಿ ಡಾಕ್ಟರ್ ಮಾನಸ ನಿಲ್ತಾಳೆ. ಅವಳಿಗೂ ಹಿಂಗಾಗಬಾರ್ದು.”

ಅವನು ಅಳುತ್ತಲೇ ಬರೆದ. ವಾರದೊಳಗೆ ಅವನ ಕೆಲಸ ಹೋಯಿತು. ಮಾನಸಳ ಅಳತೆಗೆ ಹೊಸ ಏಪ್ರನ್ ಬಂತು.

ಆಪರೇಷನ್ ದಿನ ದಾವಣಗೆರೆಯ ವಾರ್ಡಿನಲ್ಲಿ ಅವಳ ಜೊತೆಗಿದ್ದದ್ದು ಯಲ್ಲದಕೆರೆಯಿಂದ ಕುರಿ ಬಿಟ್ಟು ಬಂದ ತಾಯಿ ಬರಗೇರಮ್ಮ.

“ಗೋವರ್ಧನಪ್ಪ ಬೆಳಗಿನಿಂದ ಗೇಟ್ ತಾವ ನಿಂತವ್ನೆ. ಕರೀಲೇನೇ?”

ರೋಜಾ ಹೂಂ ಎಂದು ತಲೆಯಾಡಿಸಿದಳು.

ಒಳಗೆ ಬಂದ ಅವನು ಸೊರಗಿದ್ದ. “ನೀನು ಕ್ಷಮಿಸೋವರೆಗೂ ಕಾಯ್ತೀನಿ.”

“ಬ್ಯಾಡ.” ಅವಳು ಅವನ ಕೆನ್ನೆ ಮುಟ್ಟಿದಳು. “ನಿನ್ನ ನೋಡಿದ್ರೆ ಈಗ್ಲೂ ಜೀವ ಎಳೀತೈತೆ. ನೀನು ಏನು ಹೇಳಿದ್ರೂ ನಾನು ಮತ್ತೆ ನಂಬಿಬಿಡ್ತೀನಿ. ಅದೇ ನಂಗೆ ಭಯ. ಹೋಗು, ಗೋವರ್ಧನ.”

ಅವನು ಹೋದ. ಅವನ ಹೆಜ್ಜೆ ಸದ್ದು ಮೆಟ್ಟಿಲಿಳಿದು ನಿಲ್ಲುವವರೆಗೂ ಅವಳು ಅಳು ನುಂಗಿಕೊಂಡಿದ್ದಳು. ಆಮೇಲೆ ನರ್ಸ್ ಬಂದು ಆಪರೇಷನ್ನಿಗೆ ಮುಂಚೆ ಎರಡು ಜಡೆ ಹಾಕಬೇಕೆಂದಾಗ, ತಾಯಿಗೆ ಬೆನ್ನು ಮಾಡಿ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಬರಗೇರಮ್ಮ ಮಗಳ ಕೂದಲನ್ನು ಎರಡು ಪಾಲು ಮಾಡಿದಳು.