ಚಾಮರಾಜಪೇಟೆಯ ಪಾಲಿಮರ್ ಕ್ಯಾನ್

ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಚಾಮರಾಜಪೇಟೆಯ ಠಾಣೆಗೆ ಬಂದ ಶಿವಶಂಕರ್ ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವರ ಪ್ರಯೋಗಾಲಯದಿಂದ ಭಾನುವಾರ ಕ್ಯಾನೊಂದು ಕಳುವಾಗಿತ್ತು. ಅದರಲ್ಲಿದ್ದದ್ದು ಕಣ್ಣಿಗೆ ಕಾಣದ ಪಾಲಿಮರ್ ಕಣಗಳನ್ನು ನೀರಿನಲ್ಲಿ ತೇಲಿಸಿ ಮಾಡಿದ, ಸೋರಿಕೆ ತಡೆಯುವ, ಹಾಲಿನಂಥ ಬಿಳಿ ಲೇಪನ. ವರ್ಷವಿಡೀ ತಯಾರಿಸಿದ್ದೆಲ್ಲ ಒಡೆದ ಹಾಲಿನಂತೆ ಗಡ್ಡೆಕಟ್ಟಿತ್ತು; ಕೆಡದೆ ನಿಂತದ್ದು ಇದೊಂದೇ. ಬುಧವಾರದೊಳಗೆ ಗ್ರಾಹಕರಿಗೆ ತೋರಿಸದಿದ್ದರೆ ಪ್ರಯೋಗಾಲಯಕ್ಕೆ ಬೀಗ ಬೀಳುತ್ತಿತ್ತು.

ಇನ್‌ಸ್ಪೆಕ್ಟರ್ ಶಶಿರೇಖಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಆಂಜಿನಯ್ಯನವರೊಂದಿಗೆ ಪಂಚನಾಮೆಗೆ ಹೊರಟರು. ಬಾಗಿಲು ಮುರಿದಿರಲಿಲ್ಲ. ಕಲಕುವ ಯಂತ್ರದ ಬಳಿ ಚೆಲ್ಲಿದ ಹನಿಗಳು ಒಣಗಿ ಗಾಜಿನಂಥ ಪೊರೆಯಾಗಿದ್ದವು. ಉಗುರು ತಾಕಿಸಿದರೆ ಸಾಕು, ಇಡಿಯಾಗಿ ಸುಲಿದು ಬರುತ್ತಿತ್ತು. ಅದು ಎಷ್ಟು ಮಜವಾಗಿತ್ತೆಂದರೆ ಆಂಜಿನಯ್ಯ ಎರಡನೆಯದಕ್ಕೂ ಕೈಹಾಕಿದರು. ಸಾಕ್ಷ್ಯ ಉಳಿಸಿ ಎಂದು ಶಶಿರೇಖಾ ಗದರಬೇಕಾಯಿತು.

ಬೀಗದ ಕೈ ಇದ್ದದ್ದು ಇಬ್ಬರ ಬಳಿ: ಶಿವಶಂಕರ್ ಮತ್ತು ಲೇಪನ ತಯಾರಿಸಿದ ಕೆಮಿಸ್ಟ್ ಅನಿಲ್ ಕುಮಾರ್. ಭಾನುವಾರ ಮನೆ ಬಿಟ್ಟು ಕದಲಲಿಲ್ಲ ಎಂದ ಅನಿಲ್. ಪ್ರಯೋಗಾಲಯದ ಬಾಗಿಲಲ್ಲಿ ಬಿಟ್ಟಿದ್ದ ಅವನ ಚಪ್ಪಲಿಯನ್ನು ಶಶಿರೇಖಾ ಮಗುಚಿ ನೋಡಿದರು. ಅಡಿಯಲ್ಲಿ ಅದೇ ಪೊರೆ. ಅದರೊಳಗೆ ಸೇವಂತಿಗೆಯ ಎಸಳುಗಳು.

"ಹೂವು ಎಲ್ಲೀದು?"

ಅನಿಲ್ ತಲೆ ತಗ್ಗಿಸಿದ. "ಗಾಂಧಿ ಬಜಾರ್‌ದು ಮೇಡಂ. ಬನ್ನಿ, ತೋರಿಸ್ತೀನಿ."

ಜೀಪು ಅಲ್ಲಿಗೆ ತಲುಪುವಷ್ಟರಲ್ಲಿ ಮಳೆ ಹೊಯ್ಯತೊಡಗಿತ್ತು. ಸಾಲಂಗಡಿಗಳವರು ಸೋರುವ ಕಡೆಗೆಲ್ಲ ಬಕೆಟ್ ಇಡುತ್ತ ಓಡಾಡುತ್ತಿದ್ದರು. ಸೋರದಿದ್ದ ಒಂದೇ ಒಂದು ಅಂಗಡಿಯಲ್ಲಿ, ತಗಡಿನ ಸೂರಿನಡಿ, ಹೂವಾಡಗಿತ್ತಿ ಮುತ್ಯಾಲಮ್ಮ ಕಾಲು ಚಾಚಿ ಹೂ ಕಟ್ಟುತ್ತಿದ್ದರು. ನಿನ್ನೆ ಬಿಸಿಲಲ್ಲಿ ಬಂದ ಅನಿಲ್ ತೂತುಬಿದ್ದ ತಗಡಿಗೆ ಬಟ್ಟೆ ಹಚ್ಚಿ, ಮೇಲೆ ಬಿಳಿ ನೀರು ಬಳಿದನೆಂದು ಅವರೇ ಹೇಳಿದರು.

"ಇಷ್ಟು ವರ್ಷ ಮಳೆ ಬಂದ್ರೆ ಒಂದು ಕೈಲಿ ಛತ್ರಿ ಹಿಡ್ಕೊಂಡೇ ಯಾಪಾರ ಮಾಡ್ತಿದ್ದೆ ಕಣಮ್ಮ. ಇವತ್ತು ಎರಡು ಕೈನೂ ನಂದೇ."

ಜೊತೆಗೆ ಬಂದಿದ್ದ ಶಿವಶಂಕರ್ ತೊಯ್ದು ತೊಪ್ಪೆಯಾಗಿ ಆ ಸೂರನ್ನೇ ನೋಡುತ್ತ ನಿಂತಿದ್ದರು.

ಠಾಣೆಯಲ್ಲಿ ಅನಿಲ್‌ನ ಬಂಧನ ದಾಖಲಾಯಿತು. ಲೇಪನವನ್ನು ಹೊರಗೆ ಮಳೆ ಬಿಸಿಲಲ್ಲಿ ಪರೀಕ್ಷೆ ಮಾಡೋಣವೆಂದು ಅವನು ತಿಂಗಳಿಂದ ಕೇಳುತ್ತಿದ್ದ. ಕೆಟ್ಟರೆ ಮರ್ಯಾದೆ ಹೋಗುತ್ತದೆಂದು ಶಿವಶಂಕರ್ ಒಪ್ಪಿರಲಿಲ್ಲ. ಯಾಕೆ ಕದ್ದೆ ಎಂಬ ಪ್ರಶ್ನೆಗೆ ಅವನು ಮೆಲ್ಲಗೆ ಹೇಳಿದ: "ನಾನ್ ಮಾಡಿದ್ದು ಯಾರಿಗಾದ್ರೂ ಉಪಯೋಗ ಆಗೋದನ್ನ ಒಂದ್ಸಲ ನೋಡ್ಬೇಕಿತ್ತು ಮೇಡಂ."

ಬುಧವಾರ ಗ್ರಾಹಕರಿಗೆ ಆ ಸೂರನ್ನೇ ತೋರಿಸುತ್ತೇನೆ, ರಾಜಿಗೂ ಅರ್ಜಿ ಹಾಕುತ್ತೇನೆ ಎಂದರು ಶಿವಶಂಕರ್. ಅದು ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಾದ್ದು ಎಂದರು ಶಶಿರೇಖಾ. ಶಿವಶಂಕರ್ ತಲೆಯಾಡಿಸಿ, ಅನಿಲ್ ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತರು.

"ಎಷ್ಟು ಕೋಟ್ ಹೊಡೆದ್ಯೋ?"

"ಎರಡು ಸರ್."

"ಮೊದಲನೇದು ಒಣಗೋಕೆ ಬಿಟ್ಟಿದ್ಯಾ?"

ಇಬ್ಬರೂ ತಾವು ಕುಳಿತದ್ದು ಠಾಣೆಯಲ್ಲಿ ಎಂಬುದನ್ನೇ ಮರೆತರು. ಇಬ್ಬರಿಗೂ ಕಾಫಿ ತರಿಸುವಂತೆ ಶಶಿರೇಖಾ ಆಂಜಿನಯ್ಯನವರಿಗೆ ಹೇಳಿದರು.