ತೊಟ್ಟಿಯೊಳಗಿನ ಮರುಬಡಿತ

ಮಾನ್ಯ ವಾಚಕ ಮಹಾಶಯರೇ, ಹಲವು ಊರುಗಳ ನೀರು ಕುಡಿದ ನಾನು ಕಂಡದ್ದನ್ನಷ್ಟೇ ನಿವೇದಿಸುತ್ತೇನೆ.

ನಮ್ಮ ಕಾರ್ಖಾನೆಯಲ್ಲಿ ಬಿಡಿಭಾಗಗಳ ಜಿಡ್ಡನ್ನು ಆಳವಾದ ಕಬ್ಬಿಣದ ತೊಟ್ಟಿಯೊಂದರಲ್ಲಿ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕದಿಂದ ತೆಗೆಯುತ್ತಿದ್ದೆವು. ಅದರ ಆವಿಗೆ ಸಿಹಿವಾಸನೆ. ಗಾಳಿಗಿಂತ ಭಾರವಾದ್ದರಿಂದ ತೊಟ್ಟಿಯ ತಳದಲ್ಲೇ ಕೂತು ಎಚ್ಚರ ತಪ್ಪಿಸುತ್ತದೆ. ಆದ್ದರಿಂದ ತಳ ಕೆರೆಯಲು ಇಳಿದವನ ಸೊಂಟಕ್ಕೆ ಹಗ್ಗ ಕಟ್ಟಿ, ಹೊರಗಿನವನು ಆಗಾಗ ಮೂರು ಸಲ ತೊಟ್ಟಿಯನ್ನು ಬಡಿಯುತ್ತಿದ್ದ. ಒಳಗಿನವನು ಮೂರು ಸಲ ಮರುಬಡಿಯಬೇಕು.

ಆ ಬೆಳಿಗ್ಗೆ ಇಳಿದವರು ನನ್ನ ಅಕ್ಕನ ಗಂಡ.

“ಭಾವ, ಮುಖವಾಡ ಹಾಕ್ಕೊಳ್ಳಿ.”

“ನಿಮ್ಮಕ್ಕನ ಬಾಯಿಗೇ ಬಗ್ಗದೋನು ಕಣೋ ನಾನು, ಇದ್ಯಾವ ಲೆಕ್ಕ!”

ಎರಡೆರಡು ನಿಮಿಷಕ್ಕೆ ಬಡಿದೆ. ನಾಲ್ಕು ಸಲವೂ ಠಣ್ ಠಣ್ ಠಣ್ ಎಂದು ಉತ್ತರ ಬಂತು. ಐದನೆಯ ಉತ್ತರ ಮಾತ್ರ ನಾನು ಬಡಿಯುವ ಮೊದಲೇ ಬಂತು. ಬಗ್ಗಿ ನೋಡಿದರೆ ಭಾವ ಬೋರಲಾಗಿ ಬಿದ್ದಿದ್ದರು. ಜನರನ್ನು ಕೂಗಿ ಹಗ್ಗ ಹಿಡಿದು ಮೇಲೆಳೆದೆ.

ಸಂಜೆ ಆಸ್ಪತ್ರೆಯಲ್ಲಿ ಅವರು ಕಣ್ಣುಬಿಟ್ಟರು.

“ನಾನು ಒಂದು ಸಲವೂ ಬಡೀಲಿಲ್ಲ ಕಣೋ. ಇಳಿದ ಕೂಡಲೇ ಕೈಕಾಲು ಸೋತು ಬಿದ್ದೆ. ನೀನ್ಯಾಕೆ ಒಳಗೆ ಬಂದೆ? ಸೊಂಟ ತಡವಿದ ನಿನ್ನ ಕೈ ಮಂಜುಗಡ್ಡೆ ಹಾಗಿತ್ತಲ್ಲೋ!”

ನಾನು ಇಳಿದಿರಲಿಲ್ಲ. ಅವರ ಸೊಂಟದ ಹಗ್ಗಕ್ಕೆ ಮೂರು ಗಂಟು ಹಾಕಿದವನು ನಾನೇ. ಮೇಲೆ ಬಂದಾಗ ಒಂದೇ ಉಳಿದಿತ್ತು.

ಭಾವನನ್ನು ಅಕ್ಕನಿಗೆ ಒಪ್ಪಿಸಿ, ಮರುದಿನವೇ ಗಂಟುಮೂಟೆ ಕಟ್ಟಿಕೊಂಡು ಹೊರಟೆ.