ಖರ್ಜೂರದ ಕಣಿವೆಯ ಶನಿವಾರಗಳು

ಮೇಲಿನಿಂದ ಯಾರೋ ಇಂಗ್ಲಿಷಿನಲ್ಲಿ ಕೂಗಿದರು. ತಹ್ರೀಮ್ ಬೆಚ್ಚಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು. ಅವಳು ನಿಂತಿದ್ದ ಜಾಗಕ್ಕೇ ಮುಳ್ಳು ತುಂಬಿದ ಖರ್ಜೂರದ ಗರಿಯೊಂದು ದೊಪ್ಪನೆ ಬಿತ್ತು!

"ಯಾ ಅಲ್ಲಾ! ಯಾರಪ್ಪ ಇವನು, ಕಣ್ಣು ಕಾಣಲ್ವಾ?"

ಮರದ ತುದಿಯಿಂದ ನಗು ಕೇಳಿತು. ಆಮೇಲೆ... ಕನ್ನಡ!

"ಕಣ್ಣು ಚೆನ್ನಾಗೇ ಕಾಣುತ್ತೆ ಮೇಡಂ. ಮರದ ಕೆಳಗೆ ಬರಬೇಡಿ ಅಂತ ಬೋರ್ಡ್ ಹಾಕಿದೀನಿ. ಅದು ನಿಮಗೆ ಕಾಣಲಿಲ್ವಾ?"

ಏಣಿ ಇಳಿದು ಬಂದವನ ಮುಖದ ತುಂಬಾ ಹೂವಿನ ಬಿಳಿ ಪುಡಿ. ರೆಪ್ಪೆಯ ಮೇಲೂ! ತಹ್ರೀಮ್‌ಗೆ ಕೋಪ ಮಾಡಿಕೊಳ್ಳಬೇಕೋ ನಗಬೇಕೋ ತಿಳಿಯಲಿಲ್ಲ.

ಅವನು ಅರ್ಮಾನ್. ಬೆಂಗಳೂರಿನವನು. ಸ್ಯಾನ್ ಡಿಯಾಗೋದಲ್ಲಿ ಓದು ಮುಗಿಸಿ, ಮೂರು ವರ್ಷದಿಂದ ಈ ತೋಟ ನೋಡಿಕೊಳ್ಳುತ್ತಿದ್ದ. ಅವಳು ಮೈಸೂರಿನ ಹುಡುಗಿ. ಈಗ ಅಬ್ಬಾ, ಅಮ್ಮಿಯ ಜೊತೆ ಕರಾವಳಿ ಪಟ್ಟಣ ಟೊರೆನ್ಸ್‌ನಲ್ಲಿ ಮನೆ, ಸ್ಯಾನ್ ಪೀಡ್ರೊ ಬಂದರಿನ ಒಂದು ರಫ್ತು ಕಂಪನಿಯಲ್ಲಿ ಕೆಲಸ. ಈ ಕಣಿವೆಯ ಖರ್ಜೂರವನ್ನು ಹಡಗಿನಲ್ಲಿ ಹೊರದೇಶಕ್ಕೆ ಕಳಿಸಬಹುದೇ ಎಂದು ನೋಡಿ ವರದಿ ಕೊಡಲು ಬಂದಿದ್ದಳು.

ಸುತ್ತ ಒಂದು ಹುಲ್ಲುಕಡ್ಡಿಯೂ ಇಲ್ಲದ ಬೋಳು ಬೆಟ್ಟಗಳು. ನಡುವೆ ಮೂರೇ ಮೂರು ಪುಟ್ಟ ಹಳ್ಳಿಗಳು, ಖರ್ಜೂರದ ಸಾಲುಗಳು, ಈರುಳ್ಳಿ ಹೊಲಗಳು. ಇಲ್ಲೂ ಜನ ಬೆಳೆ ತೆಗೆಯುತ್ತಾರಾ! ಅವಳಿಗೆ ಬೆರಗೋ ಬೆರಗು.

ನಾಲ್ಕು ದಿನ ಅವಳು ರೋಸಾ ಎಂಬ ಹಿರಿಯ ರೈತ ಮಹಿಳೆಯ ಮನೆಯಲ್ಲಿ ಉಳಿದಳು. ಗಂಡುಮರದ ಪುಡಿಯನ್ನು ಹೆಣ್ಣುಮರದ ಹೂಗೊಂಚಲಿಗೆ ಕೈಯಾರೆ ಉದುರಿಸುವುದನ್ನು ಅರ್ಮಾನ್ ಕಲಿಸಿಕೊಟ್ಟ. ರಂಜಾನ್ ತಿಂಗಳು. ಉಪವಾಸದಲ್ಲೇ ಅವನು ಮರ ಹತ್ತಿಳಿಯುತ್ತಿದ್ದ. ಸಂಜೆ ರೋಸಾಳ ಅಂಗಳದಲ್ಲಿ ಇಬ್ಬರದೂ ಇಫ್ತಾರ್. ಬಿಸಿ ರೊಟ್ಟಿ, ಹುರುಳಿಕಾಯಿ ಪಲ್ಯ, ಮುಗಿಯದ ಮಾತು...

'ನಾಲ್ಕು ದಿನಕ್ಕೇ ಒಬ್ಬರು ಇಷ್ಟು ಹತ್ತಿರವಾಗ್ತಾರಾ?' ಅವಳು ತನ್ನನ್ನೇ ಕೇಳಿಕೊಂಡಳು.

ಕೊನೆಯ ಸಂಜೆ ಅವನು ಆಸೆಯಿಂದ ಕೇಳಿದ. "ಈ ಸಲ ನಮ್ಮ ಹಣ್ಣು ಹಡಗು ಹತ್ತುತ್ತೆ, ಅಲ್ವಾ?"

ಹಣ್ಣು ಇಡುವ ತಗಡಿನ ಶೆಡ್ಡನ್ನು ಅವಳು ನೋಡಿದ್ದಳು. ಒಳಗೆ ಒಲೆಯಂಥ ಬಿಸಿ. ಹಣ್ಣು ಉಳಿಯುವುದಿಲ್ಲ.

"ನೋಡೋಣ..." ಎಂದಳು, ಮುಖ ತಿರುಗಿಸಿ.

ಸೋಮವಾರ ಅವಳ ವರದಿ ಹೋಯಿತು. 'ಸದ್ಯಕ್ಕೆ ಬೇಡ' ಎಂದಿತ್ತು ಅದರಲ್ಲಿ. ಮಂಗಳವಾರ ಕಂಪನಿಯಿಂದ ಸುದ್ದಿ ತಿಳಿದು ಅವನ ಫೋನ್ ಬಂತು.

"ನಮ್ಮ ಜೊತೆ ಕೂತು ಉಂಡು, ಹಿಂದಿನಿಂದ ಹೀಗೆ ಬರೆದ್ರಾ?"

"ಅರ್ಮಾನ್, ಕೇಳಿ..."

ಫೋನ್ ಕಟ್ಟಾಯಿತು.

ಈದ್ ಬಂತು. ಅಮ್ಮಿ ಮಾಡಿದ ಖರ್ಜೂರ-ಶಾವಿಗೆಯ ಶೀರ್‌ಖುರ್ಮಾ ಬಟ್ಟಲನ್ನು ಅವಳು ಹಾಗೇ ಪಕ್ಕಕ್ಕಿಟ್ಟಳು. 'ಬರೆದದ್ದು ಸುಳ್ಳಲ್ಲ. ಆದರೆ ಮುಖ ನೋಡಿ ಹೇಳುವ ಧೈರ್ಯ ಯಾಕೆ ಮಾಡಲಿಲ್ಲ ನಾನು?'

ಮರು ಶನಿವಾರ ಒಬ್ಬಳೇ ಡ್ರೈವ್ ಮಾಡಿಕೊಂಡು ಕಣಿವೆಗೆ ಬಂದಳು. ಮೂರೂ ಹಳ್ಳಿಯ ರೈತರನ್ನು ರೋಸಾ ಕರೆಸಿದಳು. ಅವರೆದುರು ನಿಂತು ತಹ್ರೀಮ್ ಶೆಡ್ಡಿನ ದೋಷವನ್ನು ನೇರವಾಗಿ ಹೇಳಿದಳು. "ಇದನ್ನ ಅವತ್ತೇ ಹೇಳಬೇಕಿತ್ತು. ತಪ್ಪಾಯ್ತು" ಎಂದಳು. ಆಮೇಲೆ ನಡುವಿನ ಹಳ್ಳಿಯಲ್ಲಿ ಮುಚ್ಚಿಹೋಗಿದ್ದ ಹಳೆಯ ಶಾಲೆಯನ್ನು ತೋರಿಸಿದಳು. ದಪ್ಪ ಗೋಡೆ, ಎತ್ತರದ ಸೂರು. ಮೂರೂ ಹಳ್ಳಿ ಸೇರಿದರೆ ಅಲ್ಲೇ ಶೀತಲ ಕೋಣೆ ಮಾಡಬಹುದು! ಕಾಗದಪತ್ರ, ಪರ್ಮಿಟ್, ಎಲ್ಲಕ್ಕೂ ತಾನೇ ಅಪ್ಲೈ ಮಾಡುತ್ತೇನೆಂದಳು.

ಹಿಂದೆ ನಿಂತಿದ್ದ ಅರ್ಮಾನ್ ಬೆನ್ನು ತಿರುಗಿಸಿ ಹೊರಟುಹೋದ.

ಆದರೂ ರೈತರು ಒಪ್ಪಿ ಶಾಲೆಯಲ್ಲಿ ಕೆಲಸ ಶುರುವಾಯಿತು, ಅವಳು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಎರಡನೆಯ ವಾರ ಅವನು ಹಲಗೆ ಹೊತ್ತುಕೊಂಡು ಬಂದ. ಐದನೆಯ ವಾರ ಅವಳ ಕಾರಿಗೆ ನೆರಳಾಗಲೆಂದು ಚಪ್ಪರ ಕಟ್ಟಿದ. ಮಾತು ಮಾತ್ರ ಇಲ್ಲ!

ರೋಸಾ ತಲೆ ಚಚ್ಚಿಕೊಂಡಳು. "ಮರಕ್ಕಾದರೆ ನಾನೇ ಪುಡಿ ಉದುರಿಸುತ್ತಿದ್ದೆ. ನಿಮ್ಮಿಬ್ಬರಿಗೆ ಏನು ಮಾಡಲಿ?"

ಸೆಪ್ಟೆಂಬರ್‌ನಲ್ಲಿ ಕೋಣೆ ತಪಾಸಣೆಯಲ್ಲಿ ಪಾಸಾಯಿತು. ಮೊದಲ ಲಾರಿ ಬಂದರಿನತ್ತ ಹೊರಟಾಗ ಇಡೀ ಕಣಿವೆ ಚಪ್ಪಾಳೆ ತಟ್ಟಿತು. ತಹ್ರೀಮ್ ಕಣ್ಣೊರೆಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಅರ್ಮಾನ್ ಬಂದು ನಿಂತ.

"ಅವತ್ತು ನೀವು ಹೂಂ ಅಂದಿದ್ರೆ ಹಣ್ಣೆಲ್ಲಾ ದಾರೀಲೇ ಹಾಳಾಗ್ತಿತ್ತು. ನನಗೂ ಗೊತ್ತಿತ್ತು."

"ಮತ್ತೆ ಇಷ್ಟು ದಿನ ಮುನಿಸು?"

"ವರದಿ ಮೇಲಲ್ಲ... ನೀವು ಏನೂ ಹೇಳದೆ ಹೊರಟುಹೋದ್ರಲ್ಲ, ಅದಕ್ಕೆ. ಆಮೇಲೆ ಫೋನ್ ಇಟ್ಟಿದ್ದಕ್ಕೆ ನನಗೇ ನಾಚಿಕೆ. ಸಾರಿ ಹೇಳೋಕೆ ಪ್ರತಿ ಶನಿವಾರ ಬರ್ತಿದ್ದೆ. ಬರೀ ಹಲಗೆ ಇಳಿಸಿ ವಾಪಸ್ ಹೋಗ್ತಿದ್ದೆ!"

ಅವಳು ಅಳುತ್ತಲೇ ನಕ್ಕುಬಿಟ್ಟಳು.

"ಕೆಲಸ ಮುಗೀತು. ಇನ್ನು ಬರಲ್ವಾ ನೀವು?" ಅವನು ಅವಳತ್ತ ತಿರುಗಿದ. "ತಹ್ರೀಮ್, ನೀವಿಲ್ಲದ ಆರು ದಿನ ಕಳೆಯೋದೇ ಕಷ್ಟ. ನೀವು ನನಗೆ ಅಷ್ಟು ಇಷ್ಟ."

"ನಂಗೂ..." ಎನ್ನುವಷ್ಟರಲ್ಲಿ ಅವಳ ಕೆನ್ನೆ ಕೆಂಪಾಗಿತ್ತು.

"ಹಾಗಾದ್ರೆ ಮುಂದಿನ ಶನಿವಾರ ನಾನೇ ಟೊರೆನ್ಸ್‌ಗೆ ಬರ್ತೀನಿ. ನಿಮ್ಮ ಅಬ್ಬಾ, ಅಮ್ಮಿ ಹತ್ರ ಮಾತಾಡ್ತೀನಿ."

"ಬರೀ ಕೈಯಲ್ಲಿ ಬರಬೇಡಿ. ಅಮ್ಮಿಗೆ ಖರ್ಜೂರ ಅಂದ್ರೆ ಪ್ರಾಣ."

"ಅಮ್ಮಿಯ ಮಗಳಿಗೆ?"

ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಮೆಲ್ಲನೆ ಹೇಳಿದಳು.

"ಅದನ್ನ ಬೆಳೆಯೋರು."